ನುಂಗಿದ ಮಾತು

ಧರ್ಮಪ್ಪ ಮತ್ತೆ ಬಂದಿದ್ದ. ಈ ಸಲ ಒಬ್ಬನೇ ಅಲ್ಲ, ತಾಯಿಯನ್ನೂ ಮಗಳನ್ನೂ ಕರೆತಂದಿದ್ದ.

ಒಳಕೋಣೆಯಿಂದ ಇಣುಕಿದ ವಾಣಿಶ್ರೀ ಬಾಗಿಲನ್ನು ಅರ್ಧ ಮುಂದೂಡಿದಳು. ಬೆಳಗ್ಗೆ ಸೊರಬದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳು ಅವಳು. ಮಧ್ಯಾಹ್ನದವರೆಗೆ ಬಗ್ಗಿ ಬಗ್ಗಿ ಸೊಂಟ ಸೋತಿತ್ತು. ಇನ್ನು ಜಗಳಕ್ಕೆ ಶಕ್ತಿ ಎಲ್ಲಿಂದ ತರುವುದು?

ಶಿಕಾರಿಪುರದ ಈ ಹಲ್ಲಿನ ಆಸ್ಪತ್ರೆಯಲ್ಲಿ ಅವಳು ಹೈಜೀನಿಸ್ಟ್. ಹಲ್ಲಿನ ಪಾಚಿ ಕೆರೆದು ಶುಚಿ ಮಾಡುವ ಕೆಲಸ. ಊರಿನವರ ಲೆಕ್ಕದಲ್ಲಿ ‘ಹಲ್ಲು ತೊಳೆಯೋ ಮೇಡಂ’. ಬಾಯಿ ನೋಡುವವರೂ ಎಚ್‌ಪಿವಿ ಲಸಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಡಾಕ್ಟರು ಅವಳನ್ನು ತರಬೇತಿಗೆ ಕಳಿಸಿದ್ದರು. ಮನೆಯಲ್ಲಿ ಹದಿನಾಲ್ಕರ ಹುಡುಗಿ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಮುಂದೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರದಂತೆ ಈ ಲಸಿಕೆ ಕಾಯುತ್ತದೆ ಎಂದು ಹೆಂಗಸರಿಗೆ ಹೇಳುತ್ತಿದ್ದಳು. ಗಂಡಸರಾದರೆ ಬರೀ ‘ಕ್ಯಾನ್ಸರ್’ ಎಂದು ಮುಗಿಸುತ್ತಿದ್ದಳು.

ಬಾಯೊಳಗೆ ಕೈ ಇದ್ದಾಗ ಹೇಳಿದರೆ ಯಾರೂ ಎದುರಾಡಲಾರರು, ಅದೊಂದೇ ಅನುಕೂಲ. ಎದ್ದು ಬಾಯಿ ಮುಕ್ಕಳಿಸಿದ ಮೇಲೆ ಎಲ್ಲರದ್ದೂ ಒಂದೇ ರಾಗ: ನೋಡೋಣ ಮೇಡಂ, ಮನೆಯಲ್ಲಿ ಕೇಳ್ತೀವಿ ಮೇಡಂ. ಹೇಳಿ ಹೇಳಿ ಅವಳಿಗೆ ತನ್ನ ದನಿಯೇ ಬೇಸರ ತಂದಿತ್ತು.

ಧರ್ಮಪ್ಪ ಬಂದಳಿಕೆ ಕಡೆಯವನು, ಕುರಿ ಸಾಕುವವನು. ಮೊದಲ ಸಲ ಬಂದಾಗ ಅವನಿಗೂ ಇದನ್ನೇ ಒಪ್ಪಿಸಿದ್ದಳು. ಸೂರು ನೋಡುತ್ತ, ಬಾಯಿ ತೆರೆದುಕೊಂಡು ಸುಮ್ಮನೆ ಮಲಗಿದ್ದ. ಆಮೇಲೆ ಹೊರಗೆ, ಗಂಡಸರೇ ತುಂಬಿದ್ದ ಬೆಂಚುಗಳ ನಡುವೆ ನಿಂತು, “ಯಾವ ಕ್ಯಾನ್ಸರ್ ಅಂದ್ರಿ?” ಎಂದು ಕೇಳಿದ.

ಅಷ್ಟು ಜನರೆದುರು ವಾಣಿಶ್ರೀ ‘ಗರ್ಭಕೋಶದ’ ಎಂಬ ಮಾತನ್ನು ನುಂಗಿಕೊಂಡು, “ಬಾಯಿ ಕ್ಯಾನ್ಸರ್” ಎಂದುಬಿಟ್ಟಳು. ಪೂರ್ತಿ ಸುಳ್ಳೇನಲ್ಲ, ಆ ಎಚ್‌ಪಿವಿ ವೈರಸ್ಸು ಗಂಟಲಿಗೂ ಕ್ಯಾನ್ಸರ್ ತರುತ್ತದೆ. ಪೂರ್ತಿ ನಿಜವೂ ಅಲ್ಲ.

“ಅಷ್ಟು ಅಂದ್ರೆ ಸಾಕಾ?” ಎಂದು ಕೇಳಿ ಅವನು ಹೋಗಿದ್ದ.

ಮುಂದಿನ ವಾರ ಮತ್ತೆ ಬಂದ. ಹಲ್ಲಿಗೆ ಏನೂ ಆಗಿರಲಿಲ್ಲ. ಅದೇ ಪ್ರಶ್ನೆ ಕೇಳಿದ, ಅದೇ ಉತ್ತರ ಕೇಳಿಸಿಕೊಂಡ, ಹೋದ. ಆಗಲೇ ಅವಳಿಗೆ ಅನುಮಾನ ಹತ್ತಿದ್ದು. ಅವನ ಊರಿನ ಆಶಾ ಕಾರ್ಯಕರ್ತೆ ಜಗದಾಂಬಳಿಗೆ ಫೋನ್ ಮಾಡಿ ವಿಚಾರಿಸಿದಳು.

“ಅಯ್ಯೋ, ಅವನಾ! ಹುಷಾರು ಕಣ್ರೀ,” ಅಂದಳು ಜಗದಾಂಬ. “ಇದೇ ಲಸಿಕೆ ವಿಷಯಕ್ಕೆ ಅವರ ಮನೆಗೆ ಹೋಗಿದ್ದೆ. ಅವನ ಅವ್ವನ ಮುಂದೆ ಗರ್ಭಕೋಶ ಅಂದಿದ್ದೇ ತಡ, ಅಂಗಳದಿಂದ ಆಚೆ ಕಳಿಸಿದ. ಹೆಂಡ್ತಿ ಹೊಟ್ಟೆನೋವಿನಾಗೆ ತೀರ್ಕೊಂಡಾಗಿಂದ ಆ ಮನುಷ್ಯಂಗೆ ಮೂಗಿನ ತುದೀಲೇ ಕೋಪ.”

ಅಂದರೆ ಇವತ್ತು ಅವನು ಸಾಕ್ಷಿ ಸಮೇತ ಬಂದಿದ್ದಾನೆ. ಸುಳ್ಳು ಹೇಳಿದ್ರಿ ಎಂದು ಗಲಾಟೆ ಎಬ್ಬಿಸಿದರೆ ಈ ಹುಡುಗಿಗಂತೂ ಲಸಿಕೆ ತಪ್ಪಿತು. ಬೆಂಚಿನಲ್ಲಿ ಕೂತವರ ಮನೆಯ ಹುಡುಗಿಯರಿಗೂ ತಪ್ಪಿತು. ವಾಣಿಶ್ರೀ ಕೈಗವಸು ಕಳಚಿ ಹೊರಬಂದಳು.

“ನಮ್ಮವ್ವ ರೀ, ಹಾಲಮ್ಮ. ಇವಳು ಮಗಳು, ಸ್ಪಂದನ,” ಅಂದ ಧರ್ಮಪ್ಪ. “ನನಗೆ ಹೇಳಿದ್ದನ್ನೇ ನಮ್ಮವ್ವಗೂ ಹೇಳ್ರಿ. ಒಂದಕ್ಷರ ಹೆಚ್ಚು ಬ್ಯಾಡ.”

ಹಾಲಮ್ಮ ಕಾಯಲಿಲ್ಲ. “ಆ ಆಶಾದೋಳು ಗರ್ಭಕೋಶದ್ದು ಅಂದ್ಲು. ಮದ್ವಿ ಆಗದ ಹುಡುಗಿಗೆ ಅದ್ಯಾಕ್ರೀ? ಆ ರೋಗ ಎಂಥೋರಿಗೆ ಬರ್ತೈತೆ ಅಂತ ನಮಗೆ ಗೊತ್ತಿಲ್ವಾ? ಊರು ಮೇಯೋ ಹೆಂಗಸ್ರಿಗೆ ಬರೋದು!”

ಧರ್ಮಪ್ಪ ತಲೆ ತಗ್ಗಿಸಿದ. ಅವನ ದವಡೆ ಬಿಗಿಯಾಯಿತು. ಇದೋ ಶುರುವಾಯಿತು ಎಂದುಕೊಂಡಳು ವಾಣಿಶ್ರೀ.

ಅದು ಯಾರಿಗೆ ಬೇಕಾದರೂ ಬರಬಹುದು ಅಜ್ಜಿ, ಗಂಡನನ್ನು ಬಿಟ್ಟು ಇನ್ನೊಬ್ಬರ ಮುಖ ನೋಡದವರಿಗೂ ಬರುತ್ತದೆ ಎಂದು ಹೇಳಬೇಕಿತ್ತು. ಬೇರೆ ದಿನವಾಗಿದ್ದರೆ ಇಂಥ ಮಾತಿಗೆ ಅವಳ ಮೈ ಉರಿದುಹೋಗುತ್ತಿತ್ತು. ಇವತ್ತು ಉರಿಯುವುದಕ್ಕೂ ಚೈತನ್ಯ ಉಳಿದಿರಲಿಲ್ಲ. ಹುಡುಗಿ ನೆಲ ನೋಡುತ್ತ ಕೂತಿತ್ತು. ಪಾಪ ಅನ್ನಿಸಿತು. ಹೆಸರು ಏನಾದರೂ ಇರಲಿ, ಇದಕ್ಕೆ ಲಸಿಕೆಯೊಂದು ಆಗಿಬಿಡಲಿ.

“ಬಾಯಿ ಕ್ಯಾನ್ಸರ್‌ಗೆ, ಅಜ್ಜಿ,” ಅಂದಳು.

“ಬಾಯಿದಾ?” ಹಾಲಮ್ಮ ಕೆನ್ನೆಯೊಳಗಿನ ಹೊಗೆಸೊಪ್ಪನ್ನು ಆ ಕಡೆಯಿಂದ ಈ ಕಡೆಗೆ ದಬ್ಬಿದಳು. “ಹಂಗಂತ ಮೊದ್ಲೇ ಹೇಳಬಾರ್ದಾ? ಕುರಿಗೆಲ್ಲ ಹಾಕಿಸ್ತೀವಿ, ಮೊಮ್ಮಗಳಿಗೆ ಹಾಕ್ಸಲ್ವಾ? ನನಗೂ ಒಂದು ಹಾಕ್ತಾರೇನ್ರೀ?”

ಉತ್ತರಕ್ಕೂ ಕಾಯದೆ ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದಳು. ಸರ್ಕಾರಿ ಆಸ್ಪತ್ರೆ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ.

ವಾಣಿಶ್ರೀಗೆ ಗೆದ್ದ ಖುಷಿಯೇನೂ ಆಗಲಿಲ್ಲ. ವಯಸ್ಸಾದವಳಿಗೆ ಮೋಸ ಮಾಡಿದ ಹಾಗಾಗಿ ಮನಸ್ಸು ಕಹಿಯಾಯಿತು. ಹೆತ್ತ ತಂದೆಗಾದರೂ ನಿಜ ಗೊತ್ತಿರಬೇಕು. ಆಮೇಲೆ ಬೇಡ ಅಂದರೆ ಅನ್ನಲಿ. ಹೊರಟಿದ್ದ ಧರ್ಮಪ್ಪನನ್ನು ಬಾಗಿಲಲ್ಲಿ ತಡೆದಳು.

“ಒಂದ್ನಿಮಿಷ ರೀ. ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ. ಬಾಯಿ ಅಂದ್ರೆ ಈ ಬಾಯಲ್ಲ, ಗರ್ಭಕೋಶದ ಬಾಯಿ. ಲಸಿಕೆ ಮುಖ್ಯವಾಗಿ ಅದಕ್ಕೇ. ಬೈಯೋದಿದ್ರೆ ಈಗಲೇ ಬೈದುಬಿಡಿ, ಆದ್ರೆ ಹುಡುಗಿಗೆ ತಪ್ಪಿಸಬೇಡಿ.”

ಧರ್ಮಪ್ಪ ಬೈಯಲಿಲ್ಲ. ತಾಯಿ ರಸ್ತೆ ದಾಟುವವರೆಗೂ ನೋಡುತ್ತ ನಿಂತಿದ್ದ.

“ಗೊತ್ತು ರೀ,” ಅಂದ ಮೆಲ್ಲಗೆ. “ನಮ್ಮ ಮನೆಯಾಕೆ ಹೋಗಿದ್ದು ಅದ್ರಾಗೇ, ಹೊಟ್ಟೆನೋವು ಅಂತ ಊರಿಗೆ ಹೇಳಿದವನು ನಾನು. ಮಗಳಿಗೆ ಸೂಜಿ ಬೀಳಬೇಕಿತ್ತು, ಸತ್ತಾಕೆ ನಮ್ಮವ್ವನ ಬಾಯಿಗೆ ಬೀಳಬಾರ್ದಿತ್ತು.”