ಐವತ್ತೆರಡಕ್ಕೆ ನಿಂತ ಲಾಲಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಭಾನುವಾರದವರೆಗೂ, ನಾಲ್ಕನೇ ಮಹಡಿಯಲ್ಲೊಬ್ಬಳು ಹುಡುಗಿ ಇದ್ದಳು, ಮೂರನೇ ಮಹಡಿಯಲ್ಲೊಂದು ಕೋಲು ಇತ್ತು. ಹುಡುಗಿ ಏನು ನುಡಿಸಿದರೂ ಕೋಲು ಕೆಳಗಿನಿಂದ ಧಬಧಬ ಬಡಿಯುತ್ತಿತ್ತು.

ಹುಡುಗಿ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವಳು. ಅಕ್ಕ ಬಸುರಿಯಾಗಿದ್ದಾಗ, "ಅಜ್ಜಿಯ ಲಾಲಿ ಇದೆಯಲ್ಲ, ಅದನ್ನ ನಿನ್ನ ಮಗೂಗೆ ನಾನೇ ನುಡಿಸ್ತೀನಿ" ಎಂದು ಮಾತು ಕೊಟ್ಟಿದ್ದಳು. ಹಾಡೋಣವೆಂದರೆ ಅವಳದು ಒಡಕು ಗಂಟಲು. ಈಗ ಮಗು ಗೋಡೆ ಹಿಡಿದು ನಿಲ್ಲುತ್ತಿದೆ. ಅಕ್ಕ ಫೋನ್ ಮಾಡಿದಾಗೆಲ್ಲ ಅದೇ ರಾಗ. "ಎಲ್ಲೇ ಲಾಲಿ? ಇವನಿಗೆ ಮೀಸೆ ಬಂದ ಮೇಲೆ ನುಡಿಸ್ತೀಯಾ? ಅಜ್ಜಿ ಮಗ್ಗುಲಲ್ಲಿ ಮಲಗಿದವಳು ನೀನೊಬ್ಬಳೇ. ನಿನ್ನಿಂದಾಗಲ್ಲ ಅಂದ್ರೆ ಹೇಳಿಬಿಡು, ಅಜ್ಜಿ ಜೊತೆ ಹಾಡೂ ಹೋಯ್ತು ಅಂದ್ಕೋತೀನಿ."

ಮೊದಲು ಪಿಟೀಲು ತಂದಳು. ತಂತಿಯ ಬುಡಕ್ಕೆ ರಬ್ಬರು ಕಚ್ಚಿಸಿದರೆ ಪಿಸುಮಾತಿನಷ್ಟೇ ಸದ್ದು ಎಂದಿದ್ದ ಅಂಗಡಿಯವನು. ಪಿಸುಮಾತೇನೋ ಹೌದು, ಬಾಲ ತುಳಿಸಿಕೊಂಡ ಬೆಕ್ಕಿನ ಪಿಸುಮಾತು. ಧಬಧಬ. ಕೊಳಲು ತಂದಳು. ಅದರ ದನಿ ಬಚ್ಚಲ ಕಿಂಡಿಯಿಂದ ಇಳಿದು ಸೀದಾ ಕೆಳಗಿನ ಮನೆ ಹೊಕ್ಕಿತು. ಧಬಧಬ. ಪುಟ್ಟ ಗಿಟಾರಿನಂಥ ಯುಕುಲೆಲೆ ತಂದು ಅದರ ಹೊಟ್ಟೆಗೆ ಹಳೇ ಕಾಲುಚೀಲ ತುರುಕಿದಳು. ಅದು ಶೀತವಾದವರ ಹಾಗೆ ಮೂಗಿನಲ್ಲಿ ಮಾತಾಡಿತೇ ವಿನಾ ಕೋಲು ಸುಮ್ಮನಾಗಲಿಲ್ಲ. ಕೊನೆಗೆ ಕೀಬೋರ್ಡು. "ಹೆಡ್‌ಫೋನ್ ಸಿಕ್ಕಿಸ್ಕೊಳ್ಳಿ ಮೇಡಂ, ಪಕ್ಕದಲ್ಲಿ ಇರುವೆ ಕೂತಿದ್ರೂ ಕೇಳಿಸಲ್ಲ" ಎಂದ ಅಂಗಡಿಯವನು. ದಿನಾ ಸಂಜೆ ಆರಕ್ಕೆ ಕೂತಳು. ಕೋಲು ಮೊದಲೆರಡು ದಿನ ಗೊಣಗಿ ಸುಮ್ಮನಾಯಿತು. ಎರಡು ತಿಂಗಳು ನಿಶ್ಶಬ್ದ. ಅಂತೂ ಗೆದ್ದೆ ಅಂದುಕೊಂಡಳು.

ಭಾನುವಾರ ಕರೆಗಂಟೆ ಬಡಿಯಿತು. ಕೆಳಗಿನ ಮನೆಯ ಗಡಿಯಾರ ರಿಪೇರಿ ತಾತ, ಕೈಯಲ್ಲಿ ಅದೇ ಕೋಲು.

"ತಾತ, ಇದರಲ್ಲಿ ಸದ್ದೇ ಬರಲ್ಲ!" ಹುಡುಗಿಯ ತಾಳ್ಮೆ ಹರಿಯಿತು. "ಇನ್ನು ಉಸಿರಾಡೋದೊಂದು ಬಾಕಿ. ಅದನ್ನೂ ನಿಲ್ಲಿಸಲಾ?"

"ಸದ್ದು ಬರಲ್ವಾ? ನೀನು ಗುಂಡಿ ಒತ್ತಿದಾಗೆಲ್ಲ ನನ್ನ ಸೂರಲ್ಲಿ ಟಕ್ ಅನ್ನುತ್ತೆ. ಮೊದಲೇ ನಂಗೆ ನಿದ್ದೆ ಬರಲ್ಲ. ಅದರ ಮೇಲೆ ನಲವತ್ತು ವರ್ಷ ಗಡಿಯಾರ ಕೇಳಿದ ಕಿವಿ, ಬೇಡ ಅಂದ್ರೂ ಎಣಿಸುತ್ತೆ. ಐವತ್ತೆರಡು ಟಕ್, ಆಮೇಲೆ ಏನಿಲ್ಲ. ಮತ್ತೆ ಮೊದಲಿಂದ! ಮೆಟ್ಟಿಲು ಇಳೀವಾಗ ಕಾಲು ಗಾಳೀಲೇ ನಿಂತ ಹಾಗಾಗುತ್ತೆ ನಂಗೆ. ಇವತ್ತು ಮುಗಿಸ್ತಾಳೆ, ನಾಳೆ ಮುಗಿಸ್ತಾಳೆ ಅಂತ ಬಡಿಯೋದೂ ಬಿಟ್ಟು ಕಾದೆ. ಮುಗಿಸು ತಾಯಿ, ಕೈ ಮುಗೀತೀನಿ!"

ಹುಡುಗಿ ಕುರ್ಚಿಯಲ್ಲಿ ಕುಸಿದಳು. "ಮುಂದಿಂದು ಗೊತ್ತಿಲ್ಲ ತಾತ."

"ಏನಂದೆ?"

"ಲಾಲಿ ಅಲ್ವಾ? ಅಜ್ಜಿ ಅಲ್ಲಿಗೆ ಬರೋಷ್ಟರಲ್ಲಿ ನಂಗೆ ನಿದ್ದೆ ಬಂದಿರ್ತಿತ್ತು. ಕೊನೆ ಒಂದು ದಿನಾನೂ ಕೇಳಿಲ್ಲ."

ತಾತ ಅವಳನ್ನು ದುರುಗುಟ್ಟಿ ನೋಡಿದರು. ಗೋಡೆಗೊರಗಿಸಿದ್ದ ಪಿಟೀಲನ್ನು, ಕಾಲುಚೀಲ ಇಣುಕುತ್ತಿದ್ದ ಯುಕುಲೆಲೆಯನ್ನು ನೋಡಿದರು. "ಕೊನೆ ಗೊತ್ತಿಲ್ಲದ ಹಾಡಿಗೆ ನಾಲ್ಕು ವಾದ್ಯ! ನನ್ನ ತಲೇಲಿ ಅದು ಯಾವತ್ತೋ ಮುಗಿದಿದೆ. ತಗೋ." ಕೋಲನ್ನು ನೆಲಕ್ಕೆ ಕುಟ್ಟಿದರು. ಕೀಲಿ ಇಳಿಯುತ್ತಿರುವ ಗಡಿಯಾರದ ಹಾಗೆ, ಬರುಬರುತ್ತಾ ನಿಧಾನವಾಗಿ, ಎಂಟು ಏಟು. "ಅರವತ್ತು. ಸ್ವರ ನೀನು ಹುಡುಕು."

ಹೆಡ್‌ಫೋನ್ ಕಿತ್ತಿಟ್ಟು ಹುಡುಕಿದಳು. "ಅದಲ್ಲ." "ಅದೂ ಅಲ್ಲ." "ಅಯ್ಯೋ, ಅದಂತೂ ಅಲ್ಲವೇ ಅಲ್ಲ!" ಎಂಟು ಏಟಿಗೆ ಎಂಟು ಸ್ವರ ಕೂರುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗಿತ್ತು. ಮನಸ್ಸು ಬದಲಾಗುವ ಮೊದಲೇ ಅಕ್ಕನಿಗೆ ಫೋನ್ ಹಚ್ಚಿದಳು.

"ಬೇಗ ನುಡಿಸು ಮಾರಾಯ್ತಿ, ಇವನು ತೊಡೆ ಮೇಲಿದ್ದಾನೆ, ಬಾಯಿಗೆ ಕೈ ತುರುಕ್ಕೊಂಡು" ಎಂದಳು ಅಕ್ಕ. ಹುಡುಗಿ ಫೋನನ್ನು ಕೀಬೋರ್ಡಿನ ತಲೆಯ ಮೇಲಿಟ್ಟು ನುಡಿಸಿದಳು. ಐವತ್ತೆರಡು ದಾಟುವಾಗ ತಾತ ಕೋಲು ಬಿಗಿಯಾಗಿ ಹಿಡಿದುಕೊಂಡರು. ಐವತ್ತಮೂರು. ಐವತ್ತನಾಲ್ಕು. ಅರವತ್ತು.

"ಅಕ್ಕಾ? ಕೇಳಿಸ್ತಾ? ಮುಗೀತು ಕಣೇ!"

ಆ ಕಡೆಯಿಂದ ಎರಡು ಉಸಿರು. ಒಂದು ಪುಟ್ಟದು. ಇನ್ನೊಂದಕ್ಕೆ ಸಣ್ಣ ಗೊರಕೆ.

ತಾತ ಫೋನಿಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಕೋಲೂರಿ ಬಾಗಿಲಿಗೆ ನಡೆದರು.

"ಅಲ್ಲಮ್ಮಾ, ಇಷ್ಟೆಲ್ಲ ಒದ್ದಾಡಿ, ಕೊನೆ ಕೇಳಿದವನು ನಿದ್ದೆ ಬಾರದ ನಾನೊಬ್ಬನೇನಾ?"