ಕೈ ಹಿಂದೆ ಕಟ್ಟಿಕೊಂಡ ಹತ್ತು ದಿನ

ಆ ಹೈಸ್ಕೂಲಿನಲ್ಲಿ ಸರ್ವಮಂಗಳಾ ಮೇಡಂ ಎಂದರೆ ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೇ ಹೆಚ್ಚು ಭಯ.

ಪ್ರಾಜೆಕ್ಟ್ ಪುಸ್ತಕದ ಎರಡು ಪುಟ ತಿರುವಿದರೆ ಸಾಕು... "ಇದು ನಿಮ್ಮಮ್ಮನ ಅಕ್ಷರ. ಮಾರ್ಕ್ಸು ಅವರಿಗೇ ಕೊಡ್ಲಾ?" ಎಂದು ವಾಪಸ್ ಕೊಟ್ಟುಬಿಡುತ್ತಿದ್ದರು.

ಅಂಥವರು ಒಂದು ಶನಿವಾರ ಮಗನ ಕಾಲೇಜಿನಲ್ಲಿ, ಮೇಜಿನ ಈಚೆ ಬದಿಯಲ್ಲಿ, ಪೋಷಕರ ಕುರ್ಚಿಯಲ್ಲಿ ಕೂತಿದ್ದರು.

ಪಕ್ಕದಲ್ಲಿ ಮಗ ನಿಶ್ಚಲ್. ವಯಸ್ಸು ಇಪ್ಪತ್ತೊಂದು. ಸರ್ಟಿಫಿಕೇಟಿನಲ್ಲಿ ಬೌದ್ಧಿಕ ಅಂಗವೈಕಲ್ಯ ಎಂದಿದೆ. ಏನನ್ನೇ ಕಲಿಯಲು ಅವನಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು.

ಇಂಥ ಯುವಕ ಯುವತಿಯರಿಗೆಂದೇ ಮೈಸೂರಿನ ಆ ಕಾಲೇಜಿನಲ್ಲಿ ಎರಡು ವರ್ಷದ ಕೋರ್ಸಿತ್ತು. ಬಸ್ಸು ಹತ್ತುವುದು, ಬಟ್ಟೆ ಒಗೆಯುವುದು, ಅಡುಗೆ ಮಾಡುವುದು... ತಮ್ಮ ಬದುಕನ್ನು ತಾವೇ ನೋಡಿಕೊಳ್ಳುವುದೇ ಅಲ್ಲಿ ಪಾಠ.

ಎರಡನೇ ವರ್ಷ ಕಾಲೇಜಿನ ಹಿಂದಿನ ಬಾಡಿಗೆ ಮನೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ತಾವಾಗಿಯೇ ಇರಬೇಕು. ಆ ಮನೆಯ ಕೀ ಸಿಗಬೇಕಾದರೆ ಮೊದಲು ತಮ್ಮ ಮನೆಯಲ್ಲಿ ಒಂದು ತಿಂಗಳು, ದಿನಾ ಬೆಳಿಗ್ಗೆ, ಒಬ್ಬರೇ ಹಾಲು ಕಾಯಿಸಬೇಕು. ಕಾಯಿಸಿದ ದಿನಕ್ಕೆ ಮನೆಯವರು ಹಾಳೆಯಲ್ಲಿ ಒಂದು ಟಿಕ್ ಹಾಕಬೇಕು.

ಸರ್ವಮಂಗಳಾ ಅವರಿಗೆ ಗಂಡ ಇಲ್ಲ. ವಯಸ್ಸು ಐವತ್ತಾರು. ತಾವು ಹೋದ ಮೇಲೆ ಇವನ ಗತಿಯೇನು ಎಂಬ ಪ್ರಶ್ನೆಗೆ ಅವರ ಬಳಿ ಇದ್ದ ಉತ್ತರ ಆ ಕೀ ಒಂದೇ.

ಕೋರ್ಸಿನ ಟೀಚರ್ ರುಬೀನಾಗೆ ಇಪ್ಪತ್ತೇಳೂ ಆಗಿರಲಿಲ್ಲ. ಮನೆಯಿಂದ ಬಂದ ಹಾಳೆಯನ್ನು ನೋಡಿದಳು.

"ಮೂವತ್ತು ದಿನ, ಮೂವತ್ತು ಟಿಕ್. ಒಂದು ದಿನಾನೂ ಹಾಲು ಉಕ್ಕಿಲ್ವಾ ಮೇಡಂ? ನಮ್ಮನೇಲಿ ವಾರಕ್ಕೆರಡು ಸಲ ಉಕ್ಕುತ್ತೆ. ಕಾಯಿಸೋದು ನಾನೇ."

ರುಬೀನಾ ಮಗನ ಕಡೆ ತಿರುಗಿದಳು.

"ನಿಶ್ಚಲ್, ಮನೇಲಿ ಹಾಲು ಯಾರು ಕಾಯಿಸ್ತಾರೆ?"

"ಅಮ್ಮ."

"ಮತ್ತೆ ನೀನು?"

"ನಾನು ಕುಡೀತೀನಿ."

ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ಮೇಡಂ ಮುಖ ಕೆಂಪಾಯಿತು. "ಏಳೂವರೆಗೆ ನಾನು ಬಸ್ ಹಿಡೀಬೇಕು ರುಬೀನಾ. ಇವನು ಲೈಟರ್ ಹಿಡ್ಕೊಂಡು ಹತ್ತು ನಿಮಿಷ ಹಾಗೇ ನಿಂತಿರ್ತಾನೆ. ಅಷ್ಟು ಹೊತ್ತು ಯಾರಿಗಿದೆ?"

"ಅವನಿಗಿದೆ ಮೇಡಂ. ಬರಲ್ಲ ಅಂತೇನಿಲ್ಲ, ಇಲ್ಲಿ ಮಾಡ್ತಾನೆ. ಸ್ವಲ್ಪ ಟೈಮ್ ಬೇಕು, ಅಷ್ಟೇ."

ರುಬೀನಾ ಹೊಸ ಹಾಳೆ ತೆಗೆದಳು. ಮೇಲೆ ಬರೆದ ಹೆಸರು ನಿಶ್ಚಲ್ ಅಲ್ಲ... ಸರ್ವಮಂಗಳಾ.

ಕೆಲಸ ಒಂದೇ. ಮಗ ಹಾಲು ಕಾಯಿಸುವಾಗ ಕೈ ಹಿಂದೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ನಿಲ್ಲುವುದು. ಅಪಾಯ ಕಂಡರೆ ಮಾತ್ರ ಕೈ ಹಾಕಬಹುದು.

"ಹತ್ತು ದಿನ. ಮಾರ್ಕು ಹಾಕೋದು ನಿಶ್ಚಲ್. ಹತ್ತನೇ ದಿನ ನಾನೇ ಬರ್ತೀನಿ. ಅವತ್ತು ಅವನೊಬ್ಬನೇ ಕಾಯಿಸಿದ್ರೆ ಕೀ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

ಮೊದಲ ದಿನ ಮೇಡಂ ಮೂರೇ ನಿಮಿಷಕ್ಕೆ ಲೈಟರ್ ಕಿತ್ತುಕೊಂಡರು. ನಿಶ್ಚಲ್ ಪೆನ್ಸಿಲ್ ಚೂಪು ಮಾಡಿ, ನಿಧಾನವಾಗಿ ಒಂದು ಇಂಟು ಮಾರ್ಕು ಹಾಕಿದ.

ಎರಡನೇ ದಿನ ಕೈ ಹಿಂದೆಯೇ ಇತ್ತು. ಬಾಯಿ ಕೇಳಲಿಲ್ಲ. "ಉರಿ ಸಣ್ಣ ಮಾಡೋ."

ಇಂಟು.

"ಒಂದೇ ಮಾತು ಆಡಿದ್ದಲ್ವೇನೋ?"

"ಒಂದು ಮಾತು. ಒಂದು ಇಂಟು."

ನಾಲ್ಕನೇ ದಿನ ಹಾಲು ಉಕ್ಕಿತು. ಮೇಡಂ ನುಗ್ಗಿ ಹೋಗಿ ಆಫ್ ಮಾಡಿದರು. ಆರನೇ ದಿನ ಮತ್ತೆ ಉಕ್ಕಿದಾಗ ರೇಗಿಯೇಬಿಟ್ಟರು.

"ಪಾತ್ರೆ ನೋಡೋ ಅಂದ್ರೆ ನನ್ನ ಮುಖ ಯಾಕೋ ನೋಡ್ತೀಯ?"

"ನೀನು ಬರ್ತೀಯಾ ಅಂತ."

ಒಲೆ ಒರೆಸುತ್ತಿದ್ದ ಸರ್ವಮಂಗಳಾ ಹಾಗೇ ನಿಂತರು... ಇಪ್ಪತ್ತೊಂದು ವರ್ಷ ಅವರು ಮಗನಿಗೆ ಕಲಿಸಿದ್ದು ಅದನ್ನೇ. ತಡ ಮಾಡಿದರೆ ಅಮ್ಮ ಬರುತ್ತಾಳೆ.

ಏಳನೇ ದಿನ ಬಸ್ಸು ಹೋದರೆ ಹೋಗಲಿ ಎಂದುಕೊಂಡು, ಅಡುಗೆಮನೆಯ ಬಾಗಿಲಾಚೆ ಅವನಿಗೆ ಕಾಣದಂತೆ ನಿಂತರು.

ಟಕ್... ಟಕ್... ಲೈಟರ್ ಸದ್ದು. ಆಮೇಲೆ ಏನೂ ಇಲ್ಲ.

ಇಣುಕಿ ನೋಡಿದರು. ನಿಶ್ಚಲ್ ಪಾತ್ರೆಯನ್ನೇ ನೋಡುತ್ತಿದ್ದ. ಕಣ್ಣು ಅತ್ತಿತ್ತ ಹೋಗಲಿಲ್ಲ.

ಇವನಿಗೆ ಒಂದು ಸಲಕ್ಕೆ ಒಂದೇ ಕೆಲಸ ಸಾಧ್ಯ ಎಂದು ಡಾಕ್ಟರು ಯಾವತ್ತೋ ಬರೆದುಕೊಟ್ಟಿದ್ದರು. ಹಾಲು ಕಾಯಿಸಲು ಬೇಕಾದ ಗುಣ ಅದೊಂದೇ ಎಂದು ಯಾರೂ ಬರೆದಿರಲಿಲ್ಲ.

ಹಾಲು ಮೇಲೇರಿತು. ಆಫ್ ಮಾಡಿದ. ಹಾಳೆಯ ಮೇಲೆ ಮೊದಲ ಟಿಕ್ ಬಿತ್ತು.

ಎಂಟನೇ ದಿನ ಬಾಗಿಲಾಚೆಯಿಂದಲೇ "ಆಯ್ತೇನೋ?" ಎಂದು ಕೇಳಿ ಮತ್ತೊಂದು ಇಂಟು ಪಡೆದರು. ಒಂಬತ್ತನೇ ದಿನ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತರು.

ಹತ್ತನೇ ದಿನ ರುಬೀನಾ ಬಂದಳು. ನಿಶ್ಚಲ್ ಹಾಲು ಕಾಯಿಸಿದ. ಉಕ್ಕಲಿಲ್ಲ. ಮೂರು ಲೋಟಕ್ಕೆ ಬಗ್ಗಿಸಿದ, ಸ್ವಲ್ಪ ಚೆಲ್ಲಿತು, ಬಟ್ಟೆ ತಂದು ತಾನೇ ಒರೆಸಿದ. ಅಮ್ಮನ ಹಾಳೆಗೆ ಟಿಕ್ ಹಾಕಿದ.

"ನಿಶ್ಚಲ್ ಪಾಸ್," ಎಂದು ರುಬೀನಾ ಅವನ ಅಂಗೈ ಮೇಲೆ ಕೀ ಇಟ್ಟಳು. ಆಮೇಲೆ ಹಾಳೆ ನೋಡಿ ನಕ್ಕಳು. "ಮೇಡಂ, ನಿಮಗೆ ಹತ್ತಕ್ಕೆ ಮೂರು."

"ಪಾಸಾಗೋಕೆ ಮೂವತ್ತೈದು ಪರ್ಸೆಂಟ್ ಬೇಕು," ಎಂದರು ಸರ್ವಮಂಗಳಾ. "ಫೇಲು. ನಾನಾದ್ರೂ ಪಾಸ್ ಮಾಡ್ತಿರ್ಲಿಲ್ಲ."

ನಿಶ್ಚಲ್ ಕೀಯನ್ನು ಜೇಬಿಗೆ ಹಾಕಿಕೊಂಡು, ಯೋಚಿಸಿ ಯೋಚಿಸಿ ಹೇಳಿದ...

"ಬೈಬೇಡಿ ಮಿಸ್. ಅಮ್ಮಂಗೆ ಬರಲ್ಲ ಅಂತೇನಿಲ್ಲ. ಸ್ವಲ್ಪ ಟೈಮ್ ಬೇಕು, ಅಷ್ಟೇ."

ಇಪ್ಪತ್ತಾರು ವರ್ಷ ಬೇರೆಯವರ ಮಕ್ಕಳಿಗೆ ಮಾರ್ಕ್ಸು ಹಾಕಿದ ಆ ಹೆಂಗಸಿನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಒರೆಸಿಕೊಳ್ಳಲೂ ಇಲ್ಲ. ಕೈ ಇನ್ನೂ ಹಿಂದೆಯೇ ಇತ್ತು.

ಜೂನ್‌ನಲ್ಲಿ ನಿಶ್ಚಲ್ ಆ ಮನೆಗೆ ಹೋದ. ಎಲ್ಲ ಸರಿಹೋಯಿತು ಎಂದೇನಲ್ಲ. ಎರಡು ಸಲ ಬೀಗ ಹಾಕದೆ ಕ್ಲಾಸಿಗೆ ಬಂದಿದ್ದ. ಮೂರನೇ ಸಲ ಅರ್ಧ ದಾರಿಯಿಂದ ವಾಪಸ್ ಹೋಗಿ ಹಾಕಿ ಬಂದ. ಅಮ್ಮನಿಗೆ ಫೋನ್ ಮಾಡಲಿಲ್ಲ.

*ನಮ್ಮವರು ಕಲಿಯಬೇಕೆಂದರೆ, ಮೊದಲು ನಮ್ಮ ಕೈ ಸುಮ್ಮನಿರುವುದನ್ನು ಕಲಿಯಬೇಕು.*

ನಿಮ್ಮ ಮನೆಯಲ್ಲಿ... ಯಾರು ಮಾಡಬೇಕಾದ ಕೆಲಸವನ್ನು ನೀವೇ ಮಾಡಿ, ಅವರ ಹೆಸರಿಗೆ ಟಿಕ್ ಹಾಕುತ್ತಿದ್ದೀರಿ?