ಯಲ್ಲಾಪುರದ ಚುಕ್ಕೆ

ಯಲ್ಲಾಪುರದ ಚುಕ್ಕೆ ಇವತ್ತು ಮತ್ತೆ ದಪ್ಪವಾಗಿತ್ತು.

ಸಂದೇಶ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ನೋಡಿದ. ಕಣ್ಣಿನ ತಪ್ಪಲ್ಲ. ಪರಿಮಳಾ ತನ್ನ ಜಾಲತಾಣದ ಪುಟಕ್ಕೆ ಬೆಳಗಿನ ರಂಗೋಲಿಯ ಚಿತ್ರ ಹಾಕಿ ಒಂದು ಲೋಟ ಚಾ ಆರುವಷ್ಟು ಹೊತ್ತೂ ಆಗಿರಲಿಲ್ಲ. ಅಷ್ಟರಲ್ಲೇ ಯಲ್ಲಾಪುರದಲ್ಲಿ ಯಾರೋ ಅದನ್ನು ತೆರೆದು ನೋಡಿಯಾಗಿತ್ತು.

ಈ ಭೂಪಟ ಅವನದೇ ಕೈಕೆಲಸ. ಶಿರಸಿಯ ಹಳೆಯ ಬಸ್ ನಿಲ್ದಾಣದ ಹತ್ತಿರ ಮಹಡಿಯ ಕೋಣೆಯೊಂದರಲ್ಲಿ ಕುಳಿತು ಅವನು ನಡೆಸುತ್ತಿದ್ದ ಕಸುಬು ಇಷ್ಟೇ: ಸ್ವಂತ ಜಾಲತಾಣ ಇಟ್ಟುಕೊಂಡವರು ತಮ್ಮ ಪುಟದ ಅಡಿಯಲ್ಲಿ ಅವನ ಚಿಕ್ಕ ಭೂಪಟವನ್ನು ಅಂಟಿಸಿಕೊಳ್ಳುತ್ತಿದ್ದರು. ಪುಟವನ್ನು ಯಾವ ಊರಿನಿಂದ ನೋಡಿದರೂ ಭೂಪಟದಲ್ಲಿ ಆ ಊರಿನ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತಿತ್ತು. ನೋಡಿದಷ್ಟೂ ಚುಕ್ಕೆ ದಪ್ಪ. ಕವಿತೆ ಬರೆಯುವವರು, ಜೇನು ಸಾಕುವವರು, ವೇಷ ಕಟ್ಟುವವರು, ಎಲ್ಲರಿಗೂ ಅದೊಂದು ಹುಚ್ಚು. ದೂರದ ದೇಶದಲ್ಲಿ ಯಾರೋ ತಮ್ಮನ್ನು ನೋಡಿದರೆಂದರೆ ಆ ದಿನ ಅವರಿಗೆ ಊಟ ರುಚಿಸುತ್ತಿತ್ತು.

ಪರಿಮಳೆಯ ಪುಟಕ್ಕೂ ಅದನ್ನು ಜೋಡಿಸಿದವನು ಸಂದೇಶನೇ. ಜೋಡಿಸಿದ್ದೇ ತಪ್ಪಾಯಿತೆಂದು ಈಗ ಅನಿಸುತ್ತಿತ್ತು. ಭೂಪಟ ಊರನ್ನು ಹೇಳುತ್ತದೆ, ಆಳನ್ನು ಹೇಳುವುದಿಲ್ಲ. ಆದರೆ ಯಲ್ಲಾಪುರದಿಂದ ಬರುವುದು ಒಂದೇ ಫೋನು ಎಂಬುದನ್ನು ಮಾತ್ರ ಅವನು ಕಂಡುಕೊಂಡಿದ್ದ.

ಹೋದ ತಿಂಗಳು ಬೆಲ್ಲದ ಪಾಕ ಸಿಡಿದು ಪರಿಮಳೆಯ ಕೈ ಸುಟ್ಟಿತ್ತು. ಅದು ಅವನಿಗೆ ತಿಳಿದದ್ದೂ ಪುಟ ನೋಡಿಯೇ. ರಂಗೋಲಿಯ ಎಳೆ ಆ ದಿನ ನಡುಗಿತ್ತು. ಕೆಳಗೆ ಒಂದು ಸಾಲು ಬರೆದಿದ್ದಳು. ತನಗೊಂದು ಮಾತು ಹೇಳಬಾರದಿತ್ತೇ ಎಂದು ಸಂದೇಶ ನೊಂದುಕೊಂಡ. ಯಲ್ಲಾಪುರದವನು ಆ ದಿನ ಪುಟವನ್ನು ಮತ್ತೆ ಮತ್ತೆ ತೆರೆದಿದ್ದ. ಅದಂತೂ ಎದೆಯಲ್ಲಿ ಮುಳ್ಳಾಗಿ ನಿಂತಿತು.

"ಎಂತಾ ಸಂದೇಶಣ್ಣ, ಬೆಳಿಗ್ಗೆ ಬೆಳಿಗ್ಗೆ ಮುಖ ಹಾಗಲಕಾಯಿ ತಿಂದಂಗೆ?" ಎಂದ ಉಲ್ಲಾಸ. ಅದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಅವನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ.

"ಮತ್ತೆ ಬಂದಿದಾನೆ."

"ಯಾರು, ಆ ಯಲ್ಲಾಪುರದ ಭಾವನೇನಾ?"

"ಭಾನುವಾರ ಮಾತ್ರ ಬರೋದಿಲ್ಲ, ಕಂಡಿದ್ಯಾ? ಆವತ್ತು ಹೆಂಡ್ತಿ ಎದುರಿಗೇ ಇರ್ತಾಳೆ. ಕಳ್ಳ."

"ಕಳ್ಳಂಗೂ ಒಂದು ರಜೆ ಬೇಡ್ವಾ. ನೀನು ಸುಮ್ನೆ ಅವಳ ಹತ್ರನೇ ಕೇಳ್ಬಿಡು ಮಾರಾಯ."

"ನಾವು ಮಾತಾಡ್ದೆ ರಾಶಿ ದಿನ ಆತು. ಅವಳೇ ಮಾತಾಡ್ಲಿ."

"ನಿಂಗೆ ಇಷ್ಟು ಉರಿ ಎಂತಕ್ಕೆ?"

"ನಂಗಲ್ದೆ ಮತ್ಯಾರಿಗೆ ಉರೀಬೇಕು?"

ಉಲ್ಲಾಸ ಬಾಯಲ್ಲಿ ಕಚ್ಚಿದ್ದ ಸ್ಕ್ರೂ ತೆಗೆದು ಮುಂದಿದ್ದ ಕಂಪ್ಯೂಟರಿಗೆ ತಿರುಗಿಸತೊಡಗಿದ.

ಸಂಜೆ ಸಂದೇಶ ಮಾರಿಕಾಂಬೆಯ ಗುಡಿಗೆ ಹೋದ. ಕೈಮುಗಿದು ಕಣ್ಣು ಮುಚ್ಚಿದರೆ ದೇವಿಯ ಮುಖ ಬರಲಿಲ್ಲ, ಭೂಪಟ ಬಂತು. ಆ ಯಲ್ಲಾಪುರದವನನ್ನು ದೂರ ಮಾಡು ತಾಯಿ ಎಂದು ಬೇಡಿದ. ಬೇಡಿದ ಮೇಲೆ ನಾಚಿಕೆಯಾಯಿತು. ಆದರೂ ಬೇಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನ ಕಸುಬಿಗೆ ಒಂದು ನಿಯಮವಿತ್ತು. ಭೂಪಟ ನಡೆಸುವವನು ತಾನು ಎಷ್ಟು ಸಲ ನೋಡಿದರೂ ಅದು ಲೆಕ್ಕಕ್ಕೆ ಬರಬಾರದು. ಬಂದರೆ ಚುಕ್ಕೆಗಳೆಲ್ಲ ಸುಳ್ಳಾಗುತ್ತವೆ. ಆ ನಿಯಮವನ್ನು ಸಂದೇಶ ಇಷ್ಟು ದಿನ ಮಡಿಯಂತೆ ಪಾಲಿಸಿದ್ದ. ಮರುದಿನ ಪರಿಮಳೆಯ ಪುಟದ ಮಟ್ಟಿಗೆ ಅದನ್ನು ಮುರಿದ.

ಶಿರಸಿಯ ಮೇಲೆ ಕೆಂಪು ಚುಕ್ಕೆಯೊಂದು ಕಣ್ಣು ಬಿಟ್ಟಿತು. ಅವನು ಪುಟವನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ಊಟ ಮಾಡುತ್ತ ಎಡಗೈಯಲ್ಲಿ ತೆರೆದ. ಬೇರೆಯವರ ಭೂಪಟಗಳು ಕೆಟ್ಟು ನಿಂತರೂ ಆ ಕಡೆ ತಿರುಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಶಿರಸಿಯ ಚುಕ್ಕೆ ಯಲ್ಲಾಪುರದ್ದನ್ನು ಮೀರಿ, ಊದಿ, ಸಿದ್ದಾಪುರದ ಮೇಲೂ ಹಬ್ಬಿತು. ನೋಡಲಿ, ಎಂದುಕೊಂಡ. ಯಾರ ಪ್ರೀತಿ ದೊಡ್ಡದೆಂದು ಅವಳೇ ಕಣ್ಣಾರೆ ನೋಡಲಿ.

ಆದರೆ ಯಲ್ಲಾಪುರದವನು ಬರುವುದನ್ನು ಬಿಡಲಿಲ್ಲ.

ಭೂಪಟವು ಪುಟದ ಒಳಗೇ ಕುಳಿತಿರುವುದರಿಂದ ಸಂದೇಶನಿಗೆ ಇನ್ನೊಂದು ದಾರಿಯೂ ಇತ್ತು. ಆ ಒಂದು ಫೋನಿನಲ್ಲಿ ಪುಟ ಬರೀ ಬಿಳಿಯಾಗಿ ಕಾಣುವಂತೆ ಮಾಡಿದ. ಮರುದಿನ ಬೆಳಿಗ್ಗೆ ರಂಗೋಲಿ ಬಂತು. ಯಲ್ಲಾಪುರ ಮಿಸುಕಲಿಲ್ಲ. ಸಂದೇಶ ಕೆಳಗಿನ ಹೋಟೆಲಿನಿಂದ ಉಲ್ಲಾಸನಿಗೂ ಸೇರಿಸಿ ಬನ್ಸ್ ತಂದ. ಬಹಳ ದಿನಗಳ ಮೇಲೆ ಅವನಿಗೆ ಹಸಿವೆ ಹಸಿವೆಯಂತೆ ಅನಿಸಿತ್ತು.

ಮಧ್ಯಾಹ್ನ ಫೋನು ರಿಂಗಣಿಸಿತು. ಪರದೆಯ ಮೇಲೆ ಪರಿಮಳಾ ಎಂಬ ಹೆಸರು.

"ಅವಳೇ ಮಾಡಿದಾಳೆ," ಎಂದು ಉಲ್ಲಾಸನಿಗೆ ಪಿಸುಗುಟ್ಟಿದ. ಎದ್ದು ನಿಂತ, ತಲೆಗೂದಲು ಸರಿಮಾಡಿಕೊಂಡು ಫೋನನ್ನು ಕಿವಿಗೆ ಹಿಡಿದ.

"ನಮಸ್ಕಾರ. ಇದು ಮ್ಯಾಪ್ ಮಾಡಿಕೊಡೋರ ನಂಬರ್ ಅಲ್ದಾ?"

ಹೌದು ಎಂಬ ಮಾತು ಅವನ ಬಾಯಿಂದ ಹೇಗೋ ಹೊರಬಿತ್ತು.

"ನಾನು ಸಿದ್ದಾಪುರದ ಹತ್ರ ಕೋಲಸಿರ್ಸಿಯಿಂದ, ಪರಿಮಳಾ ಅಂತ. ಹೋದ ವರ್ಷ ನನ್ನ ರಂಗೋಲಿ ಪುಟಕ್ಕೆ ಮ್ಯಾಪ್ ಹಾಕಿಕೊಟ್ಟಿದ್ರಿ, ಆವಾಗ ಫೋನಲ್ಲಿ ಒಂದ್ಸಲ ಮಾತಾಡಿದ್ವಿ. ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮನೆಯವ್ರಿಗೆ ಯಲ್ಲಾಪುರದಲ್ಲಿ ಕೆಲ್ಸ, ಶನಿವಾರ ಸಂಜೆ ಬರ್ತಾರೆ. ಅಲ್ಲಿದ್ದಾಗ ನನ್ನ ರಂಗೋಲಿ ನೋಡ್ದೆ ಚಾ ಕುಡಿಯೋರಲ್ಲ. ಇವತ್ತು ಪುಟನೇ ಕಾಣ್ಲಿಲ್ವಂತೆ."

ಅವಳ ದನಿ ತಗ್ಗಿತು.

"ಅದು ಇರ್ಲಿ, ಆಮೇಲೆ ನೋಡಿದ್ರೂ ಆತು, ಶಿರಸಿಯಲ್ಲಿ ಯಾವನೋ ಒಬ್ಬ ದಿನವಿಡೀ ನನ್ನ ಪುಟ ತೆಗೆದು ತೆಗೆದು ನೋಡ್ತಾ ಕೂತಿದಾನೆ, ನಂಗೀಗ ಅಂಗಳಕ್ಕೆ ಇಳಿಯೋದಕ್ಕೂ ಹೆದ್ರಿಕೆ, ಅವ್ನು ಯಾರು ಅಂತ ನೀವೇ ಸ್ವಲ್ಪ ಹುಡುಕಿ ಹೇಳ್ತೀರಾ?"